ಭಾನುವಾರದ ಓದು ಕೂಟ: ಸಮಯ ಬದಲಾವಣೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ಕಲಬುರಗಿಯ ಬಿಸಿಲನ್ನು ಗಮನದಲ್ಲಿಟ್ಟುಕೊಂಡು, ಈ ಭಾನುವಾರದ ಕೂಟವನ್ನು ಸಂಜೆ 4ರ ಬದಲು ಬೆಳಿಗ್ಗೆ 7:30ಕ್ಕೆ, ಜಗತ್ ವೃತ್ತದ ಬಳಿಯ ಎಂದಿನ ಕೋಣೆಯಲ್ಲೇ ನಡೆಸಲು ನಿರ್ಧರಿಸಲಾಗಿದೆ. ವಿಷಯ: ಅಮೆರಿಕದ ನೌಕಾಧಿಕಾರಿ ರಿಯರ್ ಅಡ್ಮಿರಲ್ ವೇಯ್ನ್ ಮೆಯರ್ ಅವರ ವೃತ್ತಿಜೀವನ.

1970ರಲ್ಲಿ, ಶತ್ರು ವಿಮಾನ ಮತ್ತು ಕ್ಷಿಪಣಿಗಳಿಂದ ಹಡಗುಗಳನ್ನು ಕಾಯುವ ಏಜಿಸ್ ಎಂಬ ವ್ಯವಸ್ಥೆಯ ಯೋಜನೆಯ ಹೊಣೆ ಹೊತ್ತ ಅವರು, ತಿರುಗುವ ಆಂಟೆನಾ ಇಲ್ಲದೆ, ಹಡಗಿನ ಮೈಗೇ ಕೂರಿಸಿದ ನಾಲ್ಕು ಚಪ್ಪಟೆ ಫಲಕಗಳಿಂದ ಸುತ್ತಲ ಆಕಾಶವನ್ನೆಲ್ಲ ಗಮನಿಸುವ ರಾಡಾರನ್ನು ಮೊದಲು ಒಂದೇ ಫಲಕದೊಂದಿಗೆ ನಾರ್ಟನ್ ಸೌಂಡ್ ಎಂಬ ಹಳೆಯ ಹಡಗಿನಲ್ಲಿ ಪರೀಕ್ಷೆಗೊಡ್ಡಿದರು. 1983ರಲ್ಲಿ ಸೇವೆಗೆ ಸೇರಿದ ಟೈಕಾಂಡರೋಗ ಎಂಬ ಯುದ್ಧನೌಕೆ ಅದರ ಫಲ. ಸ್ವಲ್ಪ ಕಟ್ಟು, ಸ್ವಲ್ಪ ಪರೀಕ್ಷಿಸು, ಬಹಳ ಕಲಿ ಎಂಬುದು ಅವರ ಕ್ರಮವಾಗಿತ್ತು. ಅವರದೇ ಹೆಸರಿನ ಹಡಗು 2009ರ ಅಕ್ಟೋಬರಿನಲ್ಲಿ ಸೇವೆಗೆ ಸೇರುವ ಹೊತ್ತಿಗೆ ಅವರು ತೀರಿಕೊಂಡು ತಿಂಗಳು ದಾಟಿತ್ತು.

ಸಮುದ್ರ ನಮ್ಮೂರಿಗೆ ದೂರವೇ ಸರಿ, ಆದರೂ ಡಿಪ್ಲೊಮಾ ಓದುತ್ತಿರುವ ಮಕ್ಕಳನ್ನು ತಪ್ಪದೇ ಕರೆತನ್ನಿ. ಕಳೆದ ಬಾರಿ ನಡುವೆಯೇ ಕರೆಂಟ್ ಹೋಗಿ ಗೋಡೆಯ ಮೇಲಿನ ಚಿತ್ರ ಮಾಯವಾದದ್ದರಿಂದ, ಲ್ಯಾಪ್‌ಟಾಪ್ ತರುವವರು ಪೂರ್ತಿ ಚಾರ್ಜ್ ಮಾಡಿಕೊಂಡೇ ಬರಬೇಕು. ಕುಡಿಯುವ ನೀರು ಅವರವರದೇ. ಚಹಾಕ್ಕೆ ಲೆಕ್ಕ ಬೇಕಾಗಿರುವುದರಿಂದ, ಎಷ್ಟು ಜನ ಬರುವಿರಿ ಎಂಬುದನ್ನು ಶುಕ್ರವಾರ ರಾತ್ರಿಯೊಳಗೆ ಇದೇ ಗುಂಪಿನಲ್ಲಿ ತಿಳಿಸಬೇಕಾಗಿ ವಿನಂತಿ.