350 ಮಿಲಿಸೆಕೆಂಡಿನ ತಕರಾರು

‘ನೀವು ತೀರ್ಮಾನಿಸುವ ಮೊದಲೇ ನಿಮ್ಮ ಮೆದುಳು ತೀರ್ಮಾನಿಸಿರುತ್ತದೆ’ ಎಂಬ ವಾಟ್ಸಾಪ್ ಸಂದೇಶ ಮತ್ತೆ ಸುತ್ತುತ್ತಿದೆ. ಮನಸ್ಸು ಬೇರೆಯೋ ದೇಹವೇ ಮನಸ್ಸೋ ಎಂಬ ಜಗಳ ಇನ್ನು ಮುಗಿಯಿತು ಅನ್ನುವ ಧಾಟಿ. ಅದರ ಮೂಲ ನರವಿಜ್ಞಾನಿ ಬೆಂಜಮಿನ್ ಲಿಬೆಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆಸಿ 1983ರಲ್ಲಿ ಪ್ರಕಟಿಸಿದ ಪ್ರಯೋಗ.

ಕೂತವರ ಎದುರು ಪರದೆ. ಅದರ ಮೇಲೆ ಬೆಳಕಿನ ಚುಕ್ಕೆ 2.56 ಸೆಕೆಂಡಿಗೊಂದು ಸುತ್ತು ಹಾಕುತ್ತದೆ. ತೋಚಿದಾಗ ಮಣಿಕಟ್ಟು ಮಡಿಸಬೇಕು. ಹಾಗೆ ತೋಚಿದಾಗ ಚುಕ್ಕೆ ಎಲ್ಲಿತ್ತೆಂದು ಆಮೇಲೆ ಹೇಳಬೇಕು. ನೆತ್ತಿಯ ಎಲೆಕ್ಟ್ರೋಡು ಮೆದುಳಿನ ವಿದ್ಯುತ್ತನ್ನೂ ಮುಂಗೈಯದು ಸ್ನಾಯುವಿನದನ್ನೂ ದಾಖಲಿಸುತ್ತವೆ. ಒಂದು ಸಲದ ದಾಖಲೆಯಲ್ಲಿ ಬರೀ ಗದ್ದಲ. ಹಾಗಾಗಿ 40 ಸಲದ್ದನ್ನು ಸ್ನಾಯು ಮಿಡಿದ ಕ್ಷಣಕ್ಕೆ ಜೋಡಿಸಿ ಸರಾಸರಿ ತೆಗೆದರು. ಮೆದುಳಿನ ಸಿದ್ಧತೆಯ ಅಲೆ ಶುರುವಾದದ್ದು ಸ್ನಾಯು ಮಿಡಿಯುವುದಕ್ಕೆ ಸುಮಾರು 550 ಮಿಲಿಸೆಕೆಂಡ್ ಮೊದಲು. ‘ತೋಚಿದ್ದು’ 200 ಮೊದಲು, ಅಂದರೆ ಅಲೆ ಶುರುವಾಗಿ 350 ಮಿಲಿಸೆಕೆಂಡ್ ಆದಮೇಲೆ.

ಆ 200ನ್ನು ನಂಬುವುದೇ ಕಷ್ಟ. ಚರ್ಮಕ್ಕೆ ಸಣ್ಣ ಚುರುಕು ಮುಟ್ಟಿಸಿ ಯಾವಾಗ ಆಯಿತೆಂದು ಕೇಳಿದರೆ, ಅದೇ ಜನ ಸುಮಾರು 50 ಮಿಲಿಸೆಕೆಂಡ್ ತಪ್ಪಿ, ಮುಂಚೆಯೇ ಆಯಿತೆಂದರು. ಚುರುಕಿನ ಹೊತ್ತನ್ನಾದರೂ ಯಂತ್ರದೊಂದಿಗೆ ತಾಳೆ ನೋಡಬಹುದು. ಒಳಗಿನ ಇಚ್ಛೆಗೆ ಬೇರೆ ಸಾಕ್ಷಿ ಯಾರಿದ್ದಾರೆ?

ನಿಜವಾದ ಪೆಟ್ಟು ಬಿದ್ದದ್ದು 2012ರಲ್ಲಿ, ನರವಿಜ್ಞಾನಿ ಆರನ್ ಶುರ್ಗರ್ ಮತ್ತು ಸಂಗಡಿಗರ ಲೆಕ್ಕದಿಂದ. ಮೆದುಳಿನ ಚಟುವಟಿಕೆ ಸುಮ್ಮನೆ ಕೂತಾಗಲೂ ಏರಿಳಿಯುತ್ತಲೇ ಇರುತ್ತದೆ. ಮಡಿಸಲು ಯಾವ ಅವಸರವೂ ಇಲ್ಲದಿದ್ದಾಗ, ಆ ಏರಿಳಿತ ಒಂದು ಮಿತಿ ಮುಟ್ಟಿದರೆ ಕೈ ಆಡುತ್ತದೆ. ಕೈ ಆಡಿದ ಸಲಗಳನ್ನಷ್ಟೇ ಆರಿಸಿಕೊಂಡು ಹಿಂದಕ್ಕೆ ಸರಾಸರಿ ತೆಗೆದರೆ, ನಿಧಾನವಾಗಿ ಬೆಳೆಯುವ ಅಲೆ ತಾನಾಗಿ ಮೂಡುತ್ತದೆ! ಮಿತಿ ಮುಟ್ಟದೆ ಇಳಿದುಹೋದವು ಲೆಕ್ಕಕ್ಕೇ ಬರುವುದಿಲ್ಲ. ಅಂದಮೇಲೆ ಅಲೆ ಶುರುವಾದ ಕ್ಷಣವನ್ನು ತೀರ್ಮಾನದ ಕ್ಷಣ ಅನ್ನುವುದು ಹೇಗೆ?

ಸ್ವತಃ ಲಿಬೆಟ್, ಕೊನೆಗಳಿಗೆಯಲ್ಲಿ ‘ಬೇಡ’ ಅನ್ನುವ ಅಧಿಕಾರ ಪ್ರಜ್ಞೆಗಿದೆ ಎಂದು ವಾದಿಸಿದವರು. ಸಂದೇಶ ದಾಟಿಸುವವರು ಇದನ್ನು ಹೇಳುವುದಿಲ್ಲ.

ಸಂದೇಶದ ಮಾತೇ ನಿಜವೆಂದು ಒಪ್ಪಿದರೂ ಚೇತನ ಬೇರೆ, ಜಡ ಬೇರೆ ಎನ್ನುವ ಎಲ್ಲ ದ್ವೈತಗಳೂ ಒಟ್ಟಿಗೆ ಬೀಳುವುದಿಲ್ಲ. ನಮ್ಮ ಹಳೆಯ ದರ್ಶನಗಳಲ್ಲೊಂದಾದ ಸಾಂಖ್ಯರಲ್ಲಿ ಮನಸ್ಸು, ಬುದ್ಧಿ, ಅಹಂಕಾರ ಮೂರೂ ಪ್ರಕೃತಿಯ, ಅಂದರೆ ಜಡದ ಕಡೆಗೇ. ಪುರುಷ, ಅಂದರೆ ಚೇತನ, ನೋಡುವವನಷ್ಟೇ, ಮಾಡುವವನಲ್ಲ. ಮಣಿಕಟ್ಟು ಮಡಿಸುವ ತೀರ್ಮಾನ ಮೆದುಳಿನದೇ ಆದರೂ ಅವರಿಗೆ ನಷ್ಟವಿಲ್ಲ. ಉತ್ತರ ಕೊಡಬೇಕಾದವನು ಹದಿನೇಳನೇ ಶತಮಾನದ ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟ್: ಯೋಚನೆಯನ್ನೂ ಇಚ್ಛೆಯನ್ನೂ ಪೂರ್ತಿ ಆತ್ಮದ ಪಾಲಿಗೆ ಬರೆದವನು ಅವನು.