ಬಟನ್ ಪಾಠ ಪುಲ್-ಅಪ್‌ನಿಂದ ಶುರುವಾಗಲಿ

ಮಾನ್ಯರೇ,

ರಾಸ್‌ಬೆರಿ ಪೈನಂಥ ಸಿಂಗಲ್ ಬೋರ್ಡ್ ಕಂಪ್ಯೂಟರ್‌ಗೆ ಬಟನ್ ಜೋಡಿಸಲು ಕಲಿಸುವ ಬರಹಗಳು ಬಹುಪಾಲು ಪೈಥಾನ್‌ನ ನಾಲ್ಕು ಸಾಲಿಗೆ ಮುಗಿದುಹೋಗುತ್ತವೆ. ಪ್ರೋಗ್ರಾಂ ಶುರುವಾಗುವ ಮುಂಚೆ ಆ ಪಿನ್ ಯಾವ ಸ್ಥಿತಿಯಲ್ಲಿರುತ್ತದೆ ಎಂಬುದನ್ನು ಹೇಳುವವರು ಕಡಿಮೆ. ರಾಸ್‌ಬೆರಿ ಪೈನಲ್ಲಿ ಜಿಪಿಐಒ (ಇನ್‌ಪುಟ್-ಔಟ್‌ಪುಟ್ ಪಿನ್) 0ರಿಂದ 8ರವರೆಗೆ ಪುಲ್-ಅಪ್ (ಏನೂ ಜೋಡಿಸದಾಗ ಪಿನ್ನನ್ನು ಹೈ, ಅಂದರೆ ಒಂದರಲ್ಲಿ ಇಡುವ ಒಳಗಿನ ರೆಸಿಸ್ಟರ್), 9ರಿಂದ 27ರವರೆಗೆ ಪುಲ್-ಡೌನ್ (ಲೋ, ಅಂದರೆ ಸೊನ್ನೆಯಲ್ಲಿ ಇಡುವುದು) ತಾನಾಗಿಯೇ ಇರುತ್ತದೆ. ಹೀಗಾಗಿ ಜಿಪಿಐಒ 17ಕ್ಕೂ ಗ್ರೌಂಡಿಗೂ ನಡುವೆ ಬಟನ್ ಹಾಕಿದರೆ ಒತ್ತಿದರೂ ಸೊನ್ನೆ, ಬಿಟ್ಟರೂ ಸೊನ್ನೆ. ಬಟನ್ ಕೆಟ್ಟಿದೆ ಎಂದು ಬದಲಿಸಿ ಪ್ರಯೋಜನವಿಲ್ಲ. (40 ಪಿನ್‌ಗಳ ಹೆಡರಿನಲ್ಲಿ ಜಿಪಿಐಒ 17 ಇರುವುದು 11ನೆಯ ಜಾಗದಲ್ಲಿ. ಈ ಎರಡು ಎಣಿಕೆ ಬೆರೆತರೂ ಇದೇ ಗೋಳು.)

ಇದನ್ನು ಸರಿಪಡಿಸಬೇಕಾದ ಜಾಗ ಡಿವೈಸ್ ಟ್ರೀ, ಅಂದರೆ ಬೋರ್ಡಿನ ಹಾರ್ಡ್‌ವೇರ್ ಏನೇನೆಂದು ಲಿನಕ್ಸ್‌ಗೆ ಹೇಳುವ ವಿವರಪಟ್ಟಿ. ಬೂಟ್ ಕಾನ್ಫಿಗ್ ಫೈಲಿನಲ್ಲಿ ಜಿಪಿಐಒ-ಕೀ ಓವರ್‌ಲೇ (ಆ ಪಟ್ಟಿಗೆ ಸೇರಿಸುವ ತುಣುಕು) ಸೇರಿಸಿ, ಜಿಪಿಐಒ 17, ಆ್ಯಕ್ಟಿವ್-ಲೋ 1 (ಒತ್ತಿದಾಗ ಲೋ ಎಂದು), ಪುಲ್ ಅಪ್, ಕೀಕೋಡ್ 28 ಎಂದು ಕೊಟ್ಟು ರೀಬೂಟ್ ಮಾಡಿದರೆ ಬಟನ್ ಎಂಟರ್ ಕೀಯಂತೆ ಕೆಲಸ ಮಾಡುತ್ತದೆ. ಕೀಕೋಡ್ ಕೊಡುವುದನ್ನು ಮರೆಯಬೇಡಿ. ಕೊಡದಿದ್ದರೆ ಅದು 116, ಅಂದರೆ ಪವರ್ ಕೀ. ಒತ್ತಿದ ಕೂಡಲೇ ಯಂತ್ರ ಶಟ್‌ಡೌನ್ ಆದೀತು. ಒಮ್ಮೆ ಕರ್ನಲ್ (ಲಿನಕ್ಸ್‌ನ ತಿರುಳು) ವಶಕ್ಕೆ ಹೋದ ಪಿನ್ನನ್ನು ಹಳೆಯ ಪೈಥಾನ್ ಕೋಡ್ ಕೇಳಿದರೆ 'ಬ್ಯುಸಿ' ಎಂಬ ಉತ್ತರ ಬರಬಹುದು. ಆಗ ಪ್ರೋಗ್ರಾಂ ಕಾಯಬೇಕಾದದ್ದು ಕೀಬೋರ್ಡಿಗೆ ಕಾಯುವಂತೆ ಇನ್‌ಪುಟ್ ಈವೆಂಟ್‌ಗೆ.

ಸ್ವಂತ ಓವರ್‌ಲೇ ಬರೆಯುವವರು ಎಡವುವುದು ಇನ್ನೊಂದು ಕಡೆ. ಪಿನ್ ಗುಂಪಿನಲ್ಲಿ ಜಿಪಿಐಒ 17, ಫಂಕ್ಷನ್ 0 (ಇನ್‌ಪುಟ್), ಪುಲ್ 2 (ಅಪ್) ಎಂದು ಸರಿಯಾಗಿಯೇ ಬರೆದಿರುತ್ತಾರೆ; ಓವರ್‌ಲೇ ಲೋಡ್ ಆಗುತ್ತದೆ, ದೋಷದ ಸಂದೇಶವೂ ಇಲ್ಲ, ಪಿನ್ ಮಾತ್ರ ಹಾಗೆಯೇ ಇರುತ್ತದೆ. ಆ ಗುಂಪು ಬರೀ ಘೋಷಣೆ. ಯಾವುದಾದರೂ ಡಿವೈಸ್ ನೋಡ್ (ಟ್ರೀಯಲ್ಲಿ ಒಂದು ಸಾಧನದ ನಮೂದು) ತನ್ನ ಪಿನ್‌ಕಂಟ್ರೋಲ್-0 ಸಾಲಿನಲ್ಲಿ ಅದನ್ನು ಹೆಸರಿಸಿ, ಅದರ ಡ್ರೈವರ್ ಎದ್ದಾಗಲೇ ಅದು ಜಾರಿಗೆ ಬರುವುದು. ಡ್ರೈವರ್ ಬೇಡ, ಪುಲ್ ಸಾಕು ಎನ್ನುವವರಿಗೆ ಕಾನ್ಫಿಗ್ ಫೈಲಿನ ಜಿಪಿಐಒ ಸಾಲೇ ಸಾಕು. ಅದನ್ನು ಕರ್ನಲ್‌ಗಿಂತ ಮೊದಲೇ ಫರ್ಮ್‌ವೇರ್ (ಬೋರ್ಡನ್ನು ಬೂಟ್ ಮಾಡುವ ಒಳಗಿನ ತಂತ್ರಾಂಶ) ಓದುತ್ತದೆ.

ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಇನ್ನೊಂದು ಬೋರ್ಡಿನಲ್ಲಿ ಲೆಕ್ಕ ಬೇರೆ. ಅಲ್ಲಿ ಪಿನ್‌ನ ಎಲ್ಲ ಆಯ್ಕೆಗಳೂ ಒಂದೇ ಹೆಕ್ಸ್ (ಹದಿನಾರರ ಎಣಿಕೆಯ) ಸಂಖ್ಯೆಯಲ್ಲಿರುತ್ತವೆ: ಜಿಪಿಐಒ ಮೋಡ್ 7ರಲ್ಲಿ ಪುಲ್-ಅಪ್ ಇನ್‌ಪುಟ್‌ಗೆ ಹೆಕ್ಸ್ 37, ಪುಲ್-ಡೌನ್‌ಗೆ 27. ಯಾರೋ ಬರೆದ ಹೆಕ್ಸ್ 17 ನಕಲು ಮಾಡಿದರೆ ರಿಸೀವರ್ (ಇನ್‌ಪುಟ್ ಓದುವ) ಬಿಟ್ ಆಫ್ ಆಗಿರುವುದರಿಂದ ಪಿನ್ನನ್ನು ಓದಲಾಗದು.

ಪೈನ ಒಳಗಿನ ಪುಲ್ ಸುಮಾರು 50 ಕಿಲೋಓಮ್, ದುರ್ಬಲ. ಮೀಟರ್‌ಗಟ್ಟಲೆ ವೈರ್ ಇದ್ದರೆ 3.3 ವೋಲ್ಟ್‌ಗೆ ಹೊರಗಿನಿಂದ 4.7 ಕಿಲೋಓಮ್ ರೆಸಿಸ್ಟರ್ ಹಾಕಬೇಕು. 5 ವೋಲ್ಟ್ ನೇರ ಕೊಟ್ಟರೆ ಪಿನ್ ಸುಡಬಹುದು. ಮೇಲೆ 10, ಕೆಳಗೆ 18 ಕಿಲೋಓಮ್ ಡಿವೈಡರ್ (ವೋಲ್ಟೇಜ್ ಹಂಚುವ ಎರಡು ರೆಸಿಸ್ಟರ್) ಹಾಕಿದರೆ ಸುಮಾರು 3.2 ವೋಲ್ಟ್ ಸಿಗುತ್ತದೆ. ಆಗ ಒಳಗಿನ ಪುಲ್ ಆಫ್ ಇರಲಿ.

ಕೊನೆಗೆ, ಪಿನ್‌ಕಂಟ್ರೋಲ್ ಕಮಾಂಡಿಗೆ 'ಗೆಟ್ 17' ಎಂದರೆ ಐಪಿ (ಇನ್‌ಪುಟ್), ಪಿಯು (ಪುಲ್-ಅಪ್), ಹೈ ಎಂದು ಕಾಣಬೇಕು. ಬಟನ್ ಒತ್ತಿ ಹಿಡಿದು ಕೇಳಿದರೆ ಲೋ. ಪಿಯು ಇದ್ದೂ ಲೋ ಬರದಿದ್ದರೆ ವೈರಿಂಗ್ ನೋಡಿ. ಈ ಒಂದು ಪರೀಕ್ಷೆಯನ್ನಾದರೂ ಕಲಿಸುವವರು ಕೋಡ್‌ಗಿಂತ ಮುಂಚೆ ಹೇಳಿಕೊಡಬೇಕು.

– ಎಂಬೆಡೆಡ್ ಲಿನಕ್ಸ್ ಬಳಕೆದಾರರು