ಮಧ್ಯಾಹ್ನ ಬಾಗಿದ ಗುಲಾಬಿ

ರಾತ್ರಿ ಹನ್ನೊಂದು ದಾಟಿದೆ. ಬೆಳಗಾಗುವುದರೊಳಗೆ ನಮ್ಮ ಸಂಘದ ಪತ್ರಿಕೆಯ ಸಂಚಿಕೆ ನಿಮ್ಮ ಕೈ ಸೇರಬೇಕು. ಬೇರೆ ಏನೋ ಬರೆಯಬೇಕೆಂದಿದ್ದೆ. ಆದರೆ ಮಗಳ ಮಾತೇ ತಲೆಯಲ್ಲಿ ತಿರುಗುತ್ತಿದೆ.

“ಅಮ್ಮಾ, ಗುಲಾಬಿ ಸಾಯ್ತಾ ಇದೆ!” ಮಧ್ಯಾಹ್ನ ಮಗ್ ಹಿಡಿದು ಓಡಿ ಬಂದಳು. ಎಲೆಗಳು ಜೋತುಬಿದ್ದಿದ್ದವು. ಮಣ್ಣು ಮುಟ್ಟಿ ನೋಡಿದೆ, ಒಳಗೆ ತಂಪಾಗಿತ್ತು. “ಸಂಜೆವರೆಗೆ ನೋಡೋಣ” ಅಂದೆ. ಅವಳಿಗೆ ಅಳುವೇ ಬಂತು. ಬಿಸಿಲು ಇಳಿದ ಮೇಲೆ ಗಿಡ ತಾನಾಗಿ ಎದ್ದು ನಿಂತಿತ್ತು. ಸುಡುಬಿಸಿಲಲ್ಲಿ ಬೇರು ಎಳೆದಷ್ಟು ನೀರು ಎಲೆಗೆ ಸಾಲುವುದಿಲ್ಲ, ಅದಕ್ಕೇ ಬಾಗುತ್ತದೆ. ಬೆಳಿಗ್ಗೆಯೂ ಬಾಗಿದ್ದು ಮಣ್ಣು ಒಣಗಿದ್ದರೆ ತಡಮಾಡಬೇಡಿ.

ಇದು ಅಮ್ಮ ಕಲಿಸಿದ್ದು. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಅವಳು ಗಿಡದ ಹತ್ತಿರ ಇರುತ್ತಿದ್ದಳು. ಮೊದಲು ಮಣ್ಣಿಗೆ ಬೆರಳು ಚುಚ್ಚುವಳು. ಎರಡು ಇಂಚು ಕೆಳಗೂ ಒಣಗಿದ್ದರೆ ಮಾತ್ರ ನೀರು. ಪಾತಿಗೆ ಒಂದು ತಂಬಿಗೆ ಸುರಿದು, ಅದು ಇಂಗುವವರೆಗೆ ಸುಮ್ನೆ ನಿಲ್ಲುವಳು. ಆಮೇಲೆ ಇನ್ನೊಂದು. ಮತ್ತೆ ಇನ್ನೊಂದು. ನನಗೋ ಶಾಲೆಗೆ ಹೊತ್ತಾಗುತ್ತಿತ್ತು. ಪೈಪ್ ಹಿಡಿದು ಎರಚಿಬಿಡೋಣ ಅಂದರೆ ಬಿಡುತ್ತಿರಲಿಲ್ಲ. “ದಿನಾ ಮೇಲೆ ಮೇಲೆ ಕೊಟ್ಟರೆ ಬೇರೂ ಮೇಲೇ ಇರುತ್ತೆ. ಕೆಳಗೆ ಇಳಿಯೋಕೆ ಅದಕ್ಕೇನು ದರ್ದು?” ಅನ್ನುವಳು. ಕೊನೆಗೆ ಪಾತಿಯ ತುಂಬ ಮೂರು ಇಂಚು ತರಗೆಲೆ ಹರಡುವಳು, ಕಾಂಡಕ್ಕೆ ತಾಗದ ಹಾಗೆ. ಮಣ್ಣು ತಂಪಾಗಿರಲಿ ಅಂತ.

ಈಗ ಅಮ್ಮನಿಗೆ ಮಂಡಿ ನೋವು. ಆ ಗಿಡಕ್ಕೆ ಪಕ್ಕದ ಮನೆಯ ಹುಡುಗ ನೀರು ಹಾಕುತ್ತಾನೆ. ಫೋನಿನಲ್ಲಿ ಹೂ ತೋರಿಸಿದಳು. ಚಿಕ್ಕದು, ಬಣ್ಣವೂ ಮಾಸಿತ್ತು. ಸೆಕೆಗೆ ಹಾಗೇ ಅಲ್ವಾ? ತಂಪಾದರೆ ದೊಡ್ಡ ಹೂ ಬರುತ್ತದೆ. ಹೂ ಬರಲೆಂದು ಈಗ ಗೊಬ್ಬರ ಸುರಿಯಬೇಡಿ. ಹೋದ ಬೇಸಿಗೆ ಒಣ ಮಣ್ಣಿಗೆ ಹಾಕಿ ನನ್ನ ಗಿಡದ ಎಲೆಯಂಚೆಲ್ಲ ಸುಟ್ಟುಹೋಯಿತು. ಪಾಪ, ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕಾಯಿತು.

ಸೂಚನೆಗಳು, ಜಾಗ ಕಡಿಮೆ: ಭಾನುವಾರ ಬೆಳಿಗ್ಗೆ 7ಕ್ಕೆ ಗಿಡ ಬೆಳೆಸುವವರ ಭೇಟಿ, ಕತ್ತರಿ ತನ್ನಿ. ಬಾಡಿದ ಹೂ ಮಾತ್ರ ಕತ್ತರಿಸುತ್ತೇವೆ. ಜಾಸ್ತಿ ಸವರಿದರೆ ಕಾಂಡಕ್ಕೆ ನೆರಳಿರುವುದಿಲ್ಲ. ಎಲೆಯ ಅಡಿ ಸಣ್ಣ ಬಲೆ ಕಂಡವರು ಅಂಥ ಎಲೆಯೊಂದನ್ನು ಚೀಲದಲ್ಲಿ ಕಟ್ಟಿ ತನ್ನಿ. ಅದು ನುಸಿ, ಎಲೆಯ ರಸ ಹೀರುವ ಪುಟ್ಟ ಜೀವಿ, ಒಣ ಸೆಕೆಯಲ್ಲಿ ಬೇಗ ಹಬ್ಬುತ್ತದೆ. ಬೆಳಿಗ್ಗೆ ಎಲೆಯಡಿಗೆ ಜೋರಾಗಿ ನೀರು ಹಾಯಿಸಿ. ಮಕ್ಕಳ ಕನ್ನಡ ತರಗತಿ ಇನ್ನು ಸಂಜೆ 6ಕ್ಕೆ. ಸದಸ್ಯತ್ವ ನವೀಕರಿಸದವರು ದಯವಿಟ್ಟು ಈ ವಾರವೇ ಮಾಡಿ.

ಇನ್ನೊಂದು ಮಾತು. ರಜೆಗೆ ಊರಿಗೆ ಹೊರಟವರು ಬಹಳ ಮಂದಿ. ಅವರ ಕುಂಡದ ಗುಲಾಬಿಗಳು ಈ ಬಿಸಿಲಲ್ಲಿ ಎರಡು ದಿನವೂ ತಡೆಯಲಾರವು. ನೆಲದ ಗಿಡಕ್ಕೆ ವಾರಕ್ಕೆ ಎರಡು ಸಲ ಸಾಕು, ಕುಂಡಕ್ಕೆ ದಿನಾ ಬೇಕು. ಹೊರಡುವವರು ಕುಂಡಗಳನ್ನು ಮಧ್ಯಾಹ್ನದ ನೆರಳಿಗೆ ಸರಿಸಿ ಹೋಗಿ. ನೀರು ಹಾಕಲು ಯಾರಾದರೂ ಬರುತ್ತೀರಾ? ಈ ಪುಟಗಳ ತಪ್ಪು ತಿದ್ದಲೂ ಒಬ್ಬರು ಬೇಕು, ನನ್ನೊಬ್ಬಳಿಂದ ಆಗುತ್ತಿಲ್ಲ. ನೀರಿಗೆ ಎರಡು ಹೆಸರು ಬಂದಿವೆ. ಇನ್ನೂ ನಾಲ್ಕು ಬೇಕು.